ಮೈಲುತುತ್ತ ಮತ್ತು ಐದು ಮೀನು

ಇವತ್ತು ಬೆಳಿಗ್ಗೆ ಬಸ್ಸು ಬಿಳಿಕೆರೆ ದಾಟಿದ ಮೇಲೆ ಕಿಟಕಿಯಿಂದ ಹೊಗೆಸೊಪ್ಪು ಹದವಾಗುವ ವಾಸನೆ ಬಂತು. ಒಣಹುಲ್ಲಿಗೆ ಬೆಲ್ಲದ ಪಾಕ ತಾಗಿದಂಥ ವಾಸನೆ. ನಮ್ಮ ಕಡೆಯವರಿಗೆ ಇದು ಮೂಗಿಗೆ ಬಿದ್ದರೆ ಸೊಪ್ಪು ಕಾಯಿಸಿ ಒಣಗಿಸುವ ಬ್ಯಾರನ್ನು, ಬೆಂಕಿ, ಹರಾಜು ನೆನಪಾಗಬೇಕು. ನನಗೆ ಮೀನು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ನನ್ನ ತಂಗಿ ಶೋಭಾ ಹುಣಸೂರಿನಲ್ಲಿ ನರ್ಸು. ವಯನಾಡಿನಿಂದ ಬಂದು ಅಲ್ಲೇ ಬೇಕರಿ ಇಟ್ಟಿದ್ದ ಸಜೀವನನ್ನು ಮದುವೆಯಾಗುತ್ತೇನೆ ಎಂದಾಗ ನಾನು ಇದ್ದಬದ್ದ ಅಣ್ಣತನವನ್ನೆಲ್ಲ ಹೊರಗೆ ತೆಗೆದು ಹಾರಾಡಿದೆ. ಮದುವೆಗೂ ಹೋಗಲಿಲ್ಲ. ಒಂದು ವರ್ಷ ಮಾತಿಲ್ಲ, ಕತೆಯಿಲ್ಲ. ಆಮೇಲೊಂದು ದಿನ ಅವಳೇ ಬಂದು ನನ್ನ ಕೈಗೆ ಬೀಗದಕೈ ಕೊಟ್ಟಳು.

"ಇಪ್ಪತ್ ದಿನ ಅವ್ರೂರ್ಗೆ ಓಯ್ತಿದ್ದೀವಿ ಕಣಣ್ಣ. ಮೀನ್ಗೆ ದಿನಾ ಒಂದ್ ಚಿಟಿಕೆ ತಿಂಡಿ ಹಾಕು. ಅವ್ರು ಅದ್ರ ಮ್ಯಾಲೇ ಜೀವ ಇಟ್ಕೊಂಡವ್ರೆ."

ರಾಜಿ ಅಂದರೆ ಇದೇ ಅಂತ ನನಗೂ ಅರ್ಥವಾಯಿತು.

ನಾಲ್ಕೈದು ಬಿಂದಿಗೆ ನೀರು ಹಿಡಿಯುವ ಗಾಜಿನ ತೊಟ್ಟಿ. ಅದರಲ್ಲಿ ಐದು ಲೋಚ್ ಮೀನು. ಕಿರುಬೆರಳಿನುದ್ದ, ಹಳದಿ ಮೈಗೆ ಕಪ್ಪು ಪಟ್ಟೆ, ಪುಟ್ಟ ಮೀಸೆ. ಹುರುಪೆ ಕಾಣದ ನುಣುಪು ಚರ್ಮ. ಮಧ್ಯಾಹ್ನದ ಬಿಸಿಲು ಗಾಜಿಗೆ ಬಿದ್ದರೆ ಗೋಡೆಯೆಲ್ಲ ನೀರಾಡುತ್ತಿತ್ತು. ತಿಂಡಿ ಉದುರಿಸಿ ಬರೋಣವೆಂದು ಹೋದವನು ಕೂತೇಬಿಡುತ್ತಿದ್ದೆ. ಎಚ್ಚರವೋ ನಿದ್ದೆಯೋ ತಿಳಿಯದಂತೆ ಹೊತ್ತು ಹೋಗುತ್ತಿತ್ತು. ಯಾರ ಮೀನು ಎಂಬುದೂ ಮರೆತುಹೋಗುತ್ತಿತ್ತು.

ಆರನೆಯ ದಿನ ಅವುಗಳ ಮೈಮೇಲೆ ರವೆ ಉದುರಿಸಿದಂತೆ ಬಿಳಿ ಚುಕ್ಕಿ. ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಹೊಗೆಸೊಪ್ಪಿನ ಮನೆಯಲ್ಲಿ ಹುಟ್ಟಿದವನಿಗೆ ಚುಕ್ಕಿ ಕಂಡರೆ ಕೈ ತಾನಾಗಿ ಮೈಲುತುತ್ತಕ್ಕೆ ಹೋಗುತ್ತದೆ. ಸಸಿಮಡಿಗೆ ರೋಗ ಬಂದರೂ ಅದೇ, ದನದ ಗೊರಸು ಹುಣ್ಣಾದರೂ ಅದೇ. ಆ ನೀಲಿ ಹರಳನ್ನು ಒಂದು ಚಿಟಿಕೆ ಕರಗಿಸಿ ಸುರಿದೆ. ನೀರಿಗೆ ತಿಳಿನೀಲಿ ಬಣ್ಣ ಬಂದು ಎಷ್ಟು ಚೆಂದ ಕಂಡಿತೆಂದರೆ, ಸಂಜೆಯವರೆಗೂ ನೋಡುತ್ತ ಕೂತೆ. ಸಂಜೆಗೆ ಎರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು.

ಅಣ್ಣ ಬೇಕೆಂದೇ ಕೊಂದ ಎಂದು ಶೋಭಾ ಅಂದುಕೊಂಡರೆ? ಹಾಗೆ ಅಂದುಕೊಳ್ಳುವುದಕ್ಕೆ ಬೇಕಾದಷ್ಟು ಕಾರಣ ನಾನೇ ಒದಗಿಸಿದ್ದೆ. ನೀರು ಬದಲಿಸಿ, ಮೈಸೂರಿನ ಮೀನಿನಂಗಡಿಯೊಂದಕ್ಕೆ ಫೋನು ಮಾಡಿದೆ.

"ಮೈಲುತುತ್ತನಾ? ಅದು ತಾಮ್ರ ಸಾರ್, ಈ ಜಾತಿ ತಡ್ಕೊಳಲ್ಲ," ಎಂದ ಅಂಗಡಿಯವನು. "ಹೀಟರ್ ಹಾಕಿ ಮೂವತ್ತು ಡಿಗ್ರಿಗೆ ಏರ್ಸಿ. ಆದ್ರೆ ನಿಧಾನಕ್ಕೆ. ಗಾಳಿ ಪಂಪು ನಿಲ್ಲಿಸ್ಬೇಡಿ, ತಳದ ಕಸ ತೆಗೀತಾ ಇರಿ."

ನಿಧಾನಕ್ಕೆ ಬಿಸಿ ಏರಿಸುವುದು ಎಂದರೆ ನನಗೆ ಗೊತ್ತಿದ್ದವರು ಒಬ್ಬರೇ, ಹಾರನಹಳ್ಳಿಯ ನಂಜಪ್ಪ ದೊಡ್ಡಪ್ಪ. ಬ್ಯಾರನ್ನಿನ ಗೋಡೆಗೆ ಅಂಗೈ ಇಟ್ಟು ಒಳಗಿನ ಶಾಖ ಹೇಳುತ್ತಿದ್ದ ಮನುಷ್ಯ. ಹೇಳಿಕಳಿಸಿದ್ದಕ್ಕೆ ಬ್ಯಾರನ್ನಿನ ಥರ್ಮಾಮೀಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸಿಳಿದರು. ಅದರಲ್ಲಿದ್ದದ್ದು ಫ್ಯಾರನ್‌ಹೀಟು. ನಾನು ಲೆಕ್ಕ ಹಾಕಿ ಎಂಬತ್ತಾರು ಎನ್ನುವುದರೊಳಗೆ ಅದನ್ನು ದಾರ ಕಟ್ಟಿ ನೀರಿಗೆ ಇಳಿಬಿಟ್ಟಿದ್ದರು.

"ಒಂದೊಂದೇ ಗೆರೆ ಏರ್ಸ್ಬೇಕು ಕಣ್ಲಾ. ಆತ್ರ ಬಿದ್ರೆ ಎಲೆ ಬೆಂದೋಯ್ತದೆ."

"ಇದು ಮೀನು ದೊಡ್ಡಪ್ಪ."

"ಮೀನಾದ್ರೇನ್ಲಾ, ಮೈ ತೆಳ್ಳಗದಲ್ಲಾ."

ಎಂಬತ್ತಾರು ಮುಟ್ಟುವುದಕ್ಕೆ ಎರಡು ಹಗಲು ಹಿಡಿಯಿತು. ನಾವಿಬ್ಬರೂ ತೊಟ್ಟಿಯ ಮುಂದೆ ಚಾಪೆ ಹಾಸಿಕೊಂಡು ಕೂತಿರುತ್ತಿದ್ದೆವು. ಪಂಪಿನ ಗುಳುಗುಳು ಬಿಟ್ಟರೆ ಸದ್ದಿಲ್ಲ. ದೊಡ್ಡಪ್ಪ ಗಾಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಿದ್ದರು. ನೋಡುತ್ತ ನೋಡುತ್ತ ನಾನು ಚಿಕ್ಕವನಾಗಿ ಬ್ಯಾರನ್ನಿನ ಬೆಚ್ಚನೆಯ ಗೋಡೆಗೆ ಒರಗಿದ್ದೆ. ಪಕ್ಕದಲ್ಲಿ ಶೋಭಾ ಸುಟ್ಟ ಗೆಣಸು ಊದುತ್ತಿದ್ದಳು.

ಬಿಸಿ ಏರಿಸಲು ಶುರುಮಾಡಿದ ಐದನೆಯ ದಿನ ಒಂದು ಚುಕ್ಕಿಯೂ ಇರಲಿಲ್ಲ. ಗೆದ್ದೆನೆಂದು ಹೀಟರಿನ ಸ್ವಿಚ್ಚಿಗೆ ಕೈ ಹಾಕಿದೆ. ದೊಡ್ಡಪ್ಪ ಮಣಿಕಟ್ಟು ಹಿಡಿದರು.

"ಎಲೆ ಒಣಗ್ತು ಅಂತ ಬೆಂಕಿ ಆರ್ಸಬಾರ್ದು ಕಣ್ಲಾ. ಒಳಗ್ಲ ದಂಟು ಇನ್ನೂ ಹಸಿ ಇರ್ತದೆ. ಸೊಪ್ಪ್ನ ಬೇಲು ಕಟ್ಟಿದ್ಮೇಲೆ ಬೂಷ್ಟು ಹಿಡೀತದೆ."

ಅನುಮಾನ ಬಂದು ಅಂಗಡಿಗೆ ಮತ್ತೆ ಫೋನು ಮಾಡಿದೆ. ಚುಕ್ಕಿಯಾಗಿ ಕಂಡದ್ದು ಹುಳ, ಅದು ಮೀನಿನ ಮೈಯಿಂದ ಉದುರಿ ತಳದಲ್ಲಿ ಕೂತು ಮರಿ ಮಾಡುತ್ತದೆ, ಆ ಮರಿಗಳು ಮೀನು ಹುಡುಕಿಕೊಂಡು ಬರುವಾಗಲೇ ಸಾಯಬೇಕು, ಇನ್ನೂ ಹತ್ತು ದಿನ ಶಾಖ ಇಳಿಸಬೇಡಿ ಎಂದ ಅಂಗಡಿಯವನು. ಜನ್ಮದಲ್ಲಿ ಮೀನು ಸಾಕದ ದೊಡ್ಡಪ್ಪ ಬೀಡಿ ಹುಡುಕುತ್ತ ಹೊರಗೆ ಹೋದರು.

ಶೋಭಾ, ಸಜೀವ ಬಂದಾಗ ತೊಟ್ಟಿಯಲ್ಲಿ ಮೂರು ಮೀನು ಓಡಾಡುತ್ತಿದ್ದವು. ಸುಳ್ಳೊಂದನ್ನು ಸಿದ್ಧಮಾಡಿಕೊಂಡಿದ್ದೆ. ಅವಳ ಮುಖ ನೋಡಿ ಬಾಯಿಗೆ ಬರಲಿಲ್ಲ.

"ಎರಡು ನನ್ನ ಕೈಯಿಂದ್ಲೇ ಹೋದ್ವು. ಮೈಲುತುತ್ತ ಹಾಕ್ದೆ."

ಸಜೀವ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಶೋಭಾ ನನ್ನನ್ನೇ ನೋಡಿದಳು, ಆಮೇಲೆ ಅವನ ಕಡೆ ತಿರುಗಿದಳು.

"ನಾನಿದ್ದಿದ್ರೂ ಅದ್ನೇ ಹಾಕ್ತಿದ್ದೆ ಕಣ್ರೀ. ನಮ್ಮನೇಲಿ ಎಲ್ಲದ್ಕೂ ಅದೇಯ."

ಆವತ್ತು ಅಲ್ಲೇ ಉಂಡೆ. ಇದಾಗಿ ಆರು ವರ್ಷ. ದೊಡ್ಡಪ್ಪ ಈಗಿಲ್ಲ. ಹಬ್ಬಹುಣ್ಣಿಮೆಗೆ ಹೋಗುತ್ತೇನೆ, ಬರುತ್ತೇನೆ. ಸಜೀವನ ಬೇಕರಿಯ ಬನ್ನು ತಿನ್ನುತ್ತೇನೆ. ಎಲ್ಲ ಸರಿಹೋಯಿತೆಂದೇ ಎಲ್ಲರೂ ಅಂದುಕೊಂಡಿದ್ದೇವೆ. ಮದುವೆಯ ಮಾತು ಮಾತ್ರ ಯಾರೂ ಎತ್ತುವುದಿಲ್ಲ.

ಬಸ್ಸಿನಲ್ಲಿ ಬಂದ ವಾಸನೆಗೆ ದೊಡ್ಡಪ್ಪನ ಹಸಿ ದಂಟಿನ ಮಾತು ನೆನಪಾಗಿ, ಇವತ್ತು ಹುಣಸೂರಿನಲ್ಲಿ ಇಳಿದವನು ನೇರ ಅವರ ಮನೆಗೆ ಹೋದೆ. ಸಜೀವ ಬಾಗಿಲು ತೆಗೆದ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ: "ನಿಮ್ಮ ಮದ್ವೆಗೆ ನಾನು ಬರ್ಬೇಕಿತ್ತು. ಬರ್ಲಿಲ್ಲ. ತಪ್ಪಾಯ್ತು."

ಅವನು ಬಾಗಿಲು ಹಿಡಿದೇ ಒಳಗೆ ತಿರುಗಿ ಕರೆದ.

"ಶೋಭಾ, ಸ್ಟವ್ ಆಫ್ ಮಾಡಿ ಬಾ. ಅಣ್ಣ ಒಂದು ಮಾತು ಹೇಳ್ತಿದ್ದಾರೆ. ನೀನೂ ಕೇಳ್ಬೇಕು."

ಅವಳು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು. ನಾನು ಇನ್ನೊಂದು ಸಲ ಹೇಳಿದೆ.