ಏಳು ಗಂಟಿನ ಪೈಪು

ನಾನು ಕಲಿತದ್ದು ನಾಲ್ಕನೇ ಇಯತ್ತೆ. ನನ್ನ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಾಳೆ! ಈ ಬೇಸಿಗೆ ರಜೆಗೆ ಅವಳು ನಮ್ಮೂರು ಇಂಡಿಗೆ ಬಂದಾಗ ನಮ್ಮ ಹೊಸ ನಿಂಬೆ ಸಸಿಗಳು ನೀರಿಲ್ಲದೆ ಬಾಡುತ್ತಿದ್ದವು. ಬೋರಿನಿಂದ ತೋಟಕ್ಕೆ ಹೋಗುವ ಪೈಪನ್ನು ನಾನೇ ಹಳೆಯ ತುಂಡುಗಳನ್ನು ಕೂಡಿಸಿ, ಸೈಕಲ್ ಟ್ಯೂಬಿನಿಂದ ಬಿಗಿದು ಮಾಡಿದ್ದೆ. ಏಳು ಗಂಟು. ದಿನಕ್ಕೊಂದು ಸಡಿಲಾಗಿ ಉಚ್ಚುತ್ತಿತ್ತು.

“ಒಂದೊಂದು ಗಂಟೂ ಗಟ್ಟಿ ಐತಿ, ನೋಡವಾ” ಎಂದೆ.

“ಖರೇ ಮುತ್ಯಾ, ಆದ್ರ ಏಳೂ ಕೂಡೇ ಗಟ್ಟಿ ನಿಲ್ಲಬೇಕಲ್ಲ? ಒಂದು ಉಚ್ಚಿದ್ರ ನೀರು ಬಂದ್. ಗಂಟು ಹೆಚ್ಚಾದಂಗ ಭರವಸಾ ಕಡಿಮಿ. ನಮ್ಮ ಪುಸ್ತಕದಾಗ ಇದೇ ಐತಿ.”

ನನ್ನ ಹೆಂಡತಿ ಒಳಗಿನಿಂದಲೇ ಕೂಗಿದಳು: “ಅದಕ್ಕ ನಾ ಒಲಿ ಹತ್ರ ಎರಡು ಕಡ್ಡಿಪೆಟ್ಟಿಗಿ ಇಡ್ತೇನಿ. ನಿಮ್ಮ ಮುತ್ಯಾ ನಗ್ತಾರ!”

“ಅದೂ ಪುಸ್ತಕದಾಗ ಐತಿ, ಅಮ್ಮಾ!” ಎಂದು ಮೊಮ್ಮಗಳು ಅಜ್ಜಿಗೆ ಕೂಗಿ ಹೇಳಿದಳು. “ಎರಡೂ ಒಂದೇ ದಿನ ಕೈ ಕೊಡೋದು ಅಪರೂಪ.”

ಅಂದೇ ಉಳಿದ ತುಂಡುಗಳಿಂದ ಪಕ್ಕದಲ್ಲಿ ಇನ್ನೊಂದು ಪೈಪು ಎಳೆದು, ಎರಡಕ್ಕೂ ಬೇರೆ ಬೇರೆ ವಾಲ್ವ್ ಕೂಡಿಸಿದೆವು.

ಮರುದಿನ ಮುಂಜಾನೆ ಹಳೆಯ ಪೈಪಿನ ಗಂಟು ಉಚ್ಚಿತು. ಆ ವಾಲ್ವ್ ಮುಚ್ಚಿ ಇನ್ನೊಂದನ್ನು ತೆರೆದೆ. ನೀರು ಸಸಿಗಳ ಬುಡ ಮುಟ್ಟಿತು. ಗಂಟು ಉಚ್ಚಿದ್ದಕ್ಕೆ ಕುಣಿದ ಮುದುಕ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

“ಮುತ್ಯಾ ಪಾಸ್!” ಎಂದು ಮೊಮ್ಮಗಳು ಚಪ್ಪಾಳೆ ತಟ್ಟಿದಳು.