ಒಂಟಿಕಾಲಿನ ನವಿಲು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಜೀವಕೋಶದ ಬಗ್ಗೆ ಏನು ಗೊತ್ತಿತ್ತು ಎಂದು ನೀವು ಕೇಳಿದರೆ, ನಿಜ ಹೇಳಿಬಿಡುತ್ತೇನೆ: ಚಿತ್ರ ಬರೆಯುವುದು ಗೊತ್ತಿತ್ತು. ದೊಡ್ಡದೊಂದು ಸೊನ್ನೆ, ಒಳಗೊಂದು ಚಿಕ್ಕ ಸೊನ್ನೆ, ನಾಲ್ಕು ಬಾಣದ ಗುರುತು. ಈಗ ಸಂಶೋಧಕರು ಆ ಚಿಕ್ಕ ಸೊನ್ನೆಯೊಳಕ್ಕೇ ಕೈಹಾಕಿ ರಿಪೇರಿ ಮಾಡುತ್ತಾರೆಂದು ತಿಳಿದಾಗ ನನ್ನ ಪಾಂಡಿತ್ಯದ ಬಗ್ಗೆ ನನಗೇ ನಗು ಬಂತು.

ತಿಳಿಯಬೇಕಾಗಿ ಬಂದದ್ದು ತಮ್ಮನ ಮಗಳು ಚಿನ್ಮಯಿಯಿಂದ. ಏಳು ವರ್ಷದ ಹುಡುಗಿಗೆ ಥಲಸ್ಸೇಮಿಯಾ. ಮೈಯಲ್ಲಿ ಸರಿಯಾದ ರಕ್ತ ತಯಾರಾಗುವುದಿಲ್ಲ. ಮೂರು ವಾರಕ್ಕೊಮ್ಮೆ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೋಗಿ ಬೇರೆಯವರ ರಕ್ತ ಹಾಕಿಸಿಕೊಂಡು ಬರಬೇಕು. ಇದರ ಕಾರಣವನ್ನು ನಮ್ಮಮ್ಮ ಡಾಕ್ಟರಿಗಿಂತ ಮೊದಲೇ ಕಂಡುಹಿಡಿದಿದ್ದರು: “ಸೊಸೆ ಕಡೆಯಿಂದ ಬಂದಿದ್ದು ಕಣೋ. ನಮ್ಮ ವಂಶದಲ್ಲಿ ಯಾರಿಗಿತ್ತು?” ಸೊಸೆ ಗೀತಾ ಎದುರಾಡುವವಳಲ್ಲ. ತಮ್ಮ ರಮೇಶ ಮಗ್ಗ ಬಿಟ್ಟು ಬರುವಂತಿಲ್ಲವೆಂದು ಅವಳೊಬ್ಬಳೇ ಮಗುವನ್ನು ಕರೆದುಕೊಂಡು ಹೋಗುತ್ತಿದ್ದಳು. ಅವಳ ಮುಖ ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಈಚೆಗೆ ಡಾಕ್ಟರು ಹೊಸ ವಿಷಯ ಹೇಳಿ ಕಳಿಸಿದರು. ರಕ್ತ ಹುಟ್ಟಿಸುವ ಕೋಶಗಳನ್ನು ಮೈಯಿಂದ ಹೊರತೆಗೆದು, ಅವುಗಳ ವಂಶವಾಹಿಯನ್ನು ತಿದ್ದಿ, ಮತ್ತೆ ಮೈಗೇ ಸೇರಿಸುವ ಚಿಕಿತ್ಸೆ ಬಂದಿದೆಯಂತೆ. ಹೊರದೇಶಗಳಲ್ಲಿ ಕೆಲವರಿಗೆ ರಕ್ತ ಹಾಕಿಸಿಕೊಳ್ಳುವುದೇ ತಪ್ಪಿದೆಯಂತೆ. ನಮ್ಮ ಕೈಗೆಟುಕಲು ಕಾಯಬೇಕು, ಅಲ್ಲಿಯವರೆಗೆ ಮಗುವನ್ನು ಗಟ್ಟಿಯಾಗಿಟ್ಟುಕೊಳ್ಳಿ ಎಂದಿದ್ದರು. ವಿವರಿಸುವ ಭಾರ ಮೇಷ್ಟ್ರಾದ ನನ್ನ ಮೇಲೆ ಬಿತ್ತು. ನಾನು ಎರಡು ಸೊನ್ನೆ ಬರೆದು ಶುರುಮಾಡಿದೆ. ಅಮ್ಮ ಆಕಳಿಸಿದರು.

ರಮೇಶ ಎದ್ದುಹೋಗಿ ಮಗ್ಗದಿಂದ ಜಕಾರ್ಡಿನ ರಟ್ಟೊಂದನ್ನು ತಂದ. ಸೀರೆಯ ಅಂಚಿನಲ್ಲಿ ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವುದು ಆ ರಟ್ಟಿನ ತೂತುಗಳು. “ಒಂಟಿಕಾಲಿನ ನವಿಲು ನೆನಪೈತೇನಮ್ಮ?” ಎಂದ. ಯಾರಿಗೆ ನೆನಪಿಲ್ಲ! ಒಂದು ಸಲ ರಟ್ಟಿನಲ್ಲಿ ಕೆಲವು ತೂತು ತಪ್ಪಿ, ಅಂಚಿನ ನವಿಲುಗಳೆಲ್ಲ ಒಂದೇ ಕಾಲಿನಲ್ಲಿ ನಿಂತಿದ್ದವು. ಮನೆಮಂದಿಯೆಲ್ಲ ಒಂದು ವಾರ ಸೂಜಿ ಹಿಡಿದು ಸೀರೆ ಸೀರೆಗೂ ಇನ್ನೊಂದು ಕಾಲು ಹೊಲಿದೆವು. ಆಮೇಲೆ ರಟ್ಟನ್ನು ನೋಡುವ ಬುದ್ಧಿ ಬಂತು.

“ಈಗ ಹಾಕಿಸ್ತಿರೋ ರಕ್ತ ಆ ಸೂಜಿ ಕೆಲಸ. ಡಾಕ್ಟ್ರುಗಳು ರಟ್ಟನ್ನೇ ತಿದ್ದೋದು ಕಲ್ತವ್ರೆ,” ಎಂದ ರಮೇಶ. ಅಮ್ಮನ ಆಕಳಿಕೆ ನಿಂತಿತು. ಗೀತಾ ಅಡುಗೆಮನೆ ಬಾಗಿಲಿಗೆ ಬಂದಳು.

“ಕೆಟ್ಟ ರಟ್ಟು ಯಾರ ಮನೇದು, ಅದನ್ನೇಳು,” ಎಂದರು ಅಮ್ಮ.

“ಎಲ್ರಿಗೂ ಎರಡಿರ್ತವೆ. ಅಪ್ಪಂದೊಂದು, ಅಮ್ಮಂದೊಂದು. ಒಂದು ಸರಿಯಿದ್ರೂ ಸಾಕು. ನಮ್ಮಿಬ್ಬರ ರಕ್ತ ನೋಡಿ ಡಾಕ್ಟ್ರೇ ಹೇಳವ್ರೆ, ನಂದರಲ್ಲೂ ಒಂದು ಕೆಟ್ಟೈತೆ, ಗೀತಂದರಲ್ಲೂ ಒಂದು. ಮಗೂಗೆ ಕೆಟ್ಟವೆರಡೂ ಸಿಕ್ಕಿದ್ವು.”

“ನಿಂದು ಹೆಂಗೆ ಕೆಡ್ತದೆ? ಬೇಕಾದ್ರೆ ನನ್ನ ರಕ್ತ ನೋಡ್ಲಿ!”

ಹಾಗೆಂದವರು ಮರುದಿನವೇ ಹೋಗಿ ಪರೀಕ್ಷೆಗೆ ರಕ್ತ ಕೊಟ್ಟೂ ಬಂದರು. ವರದಿ ಓದಿದವನು ನಾನು. ಅಮ್ಮನ ಆರೋಗ್ಯಕ್ಕೇನೂ ತೊಂದರೆಯಿರಲಿಲ್ಲ. ಆದರೆ ರಮೇಶನಿಗೆ ಬಂದ ಆ ಕೆಟ್ಟ ರಟ್ಟು ಅವರದ್ದೇ. ಇದರಲ್ಲಿ ಯಾರ ತಪ್ಪೂ ಇಲ್ಲವೆಂದು ಸೇರಿಸಿ, ಮೂರು ಸಲ ಗಂಟಲು ಸರಿಮಾಡಿಕೊಂಡು ಹೇಳಿದೆ. ಅವರು ವರದಿಯನ್ನು ಇಸಕೊಂಡು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಗೀತಾ ಅವರ ಮುಂದೆ ಕಾಫಿ ಲೋಟ ಇಟ್ಟಳು.

ಮುಂದಿನ ಸಲ ಅವಳು ಬಸ್ಸಿಗೆ ಹೊರಟಾಗ ಅಮ್ಮ ಒಳ್ಳೆಯ ಸೀರೆಯುಟ್ಟು, ಆಸ್ಪತ್ರೆಯ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕತ್ತೆ?” ಎಂದಳು ಗೀತಾ.

“ಆ ಚಿಕಿತ್ಸೆ ಇಲ್ಲಿಗೆ ಬರೋಗಂಟ ಮಗೂನ ಜೋಪಾನ ಮಾಡ್ಬೇಕಲ್ಲ. ಇಷ್ಟು ದಿನ ಒಬ್ಬಳೇ ಹೊತ್ತೆ. ನನ್ನ ಪಾಲಿಂದು ನಾನು ಹೊರ್ತೀನಿ, ನಡಿಯವ್ವ.”

ಗೀತಾ ಸೆರಗಿನಿಂದ ಕಣ್ಣೊರೆಸಿಕೊಂಡು ಮಗುವಿನ ಕೈ ಹಿಡಿದಳು. ಹೊರಲು ನನಗೆ ಉಳಿದದ್ದು ನೀರಿನ ಬಾಟಲಿ. ಅದನ್ನೇ ಹಿಡಿದು ಬಸ್ ಸ್ಟ್ಯಾಂಡಿನವರೆಗೂ ಖುಷಿಯಾಗಿ ಅವರ ಹಿಂದೆ ಹೋದೆ.