ನನ್ನ ನಾದಿನಿಯ ಕೆನ್ನೆ

ಸಿಂಚನಾ, ಮನೋಜ, ಫೋಟೋದಲ್ಲಿರುವ ನನ್ನ ನಾದಿನಿಯ ಎಡಗೆನ್ನೆ ನೋಡಿ. ಕಿವಿಯಿಂದ ತುಟಿಯ ಕೊನೆಯವರೆಗೆ ಒಂದು ಗಾಯದ ಗೀರಿದೆ. ನಕ್ಕರೂ ಆ ಕಡೆಯ ತುಟಿ ಏಳುತ್ತಿರಲಿಲ್ಲ.

ನಿಮ್ಮ ತಾತನ ಒಬ್ಬಳೇ ತಂಗಿ ಅವಳು. ಗಂಡಸಿಯಿಂದ ಅರಸೀಕೆರೆಗೆ ಬಸ್ಸಿನಲ್ಲಿ ಓಡಾಡಿ ಕಾಲೇಜು ಓದಿ, ವಿಮಾನದಲ್ಲಿ ಗಗನಸಖಿಯಾದಳು. ಅವಳು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದ ದಿನ, ನನ್ನ ತವರಿಗೆ ಹೋಗಿದ್ದಾಳೆ ಎಂದು ಮನೆಯಲ್ಲಿ ಹೇಳಿದವಳು ನಾನು.

ರಜೆಗೆ ಬಂದಾಗ ಬೇಲೂರಿಗೆ ಹೋದೆವು. ಎಲ್ಲರೂ ಗೊಂಬೆ ನೋಡುತ್ತಿದ್ದರೆ ಇವಳು ವಿಮಾನದ ಕೆಲಸದ ರೂಢಿಯಲ್ಲಿ ಗುಡಿಯ ಬಾಗಿಲು ಎಣಿಸಿದಳು.

"ಮೂರೇ ಅವೆ ಅತ್ತಿಗೆ. ಬೆಂಕಿ ಬಿದ್ರೆ ನೀನು ಆ ಕಡೆ ಓಡು."

"ಕಲ್ಲಿನ ಗುಡೀಗೆ ಯಾವ ಬೆಂಕಿ ಕಣೇ!"

ವಿಮಾನದಲ್ಲಿ ಒಬ್ಬ ಕುಡುಕ ಅವಳ ಕೂದಲು ಹಿಡಿದೆಳೆದಿದ್ದನಂತೆ. "ಜಗಳ ಆದ್ರೆ ನಡುವೆ ನಿಂತ್ಕೋಬೇಕು, ಅಂಗೈ ಚಾಚ್ಬೇಕು, ಮೆಲ್ಲಗೆ ಮಾತಾಡ್ಬೇಕು" ಎಂದು ನನಗೆ ನಿಂತು ತೋರಿಸಿದ್ದಳು.

ಎರಡು ದಿನ ಕಳೆದ ಮೇಲೆ ಟೀ ಅಂಗಡಿಯಲ್ಲಿ ಊರವರು ತಾತನನ್ನು ಕೆಣಕಿದರು.

"ಏನ್ಲಾ, ನಿನ್ ತಂಗಿ ಮೋಡದ್ ಮೇಲೆ ಹೆಂಡ ಬಗ್ಗಿಸ್ತಾಳಂತೆ? ನಮ್ಗೂ ಒಂದ್ ಲೋಟ ಹೇಳ್ಲಾ."

"ಅವಳನ್ನ ಬೆಂಗಳೂರ್ ಬಸ್ ಹತ್ಸಿದ್ದು ನಿನ್ ಹೆಂಡ್ತೀನೇ ಕಣ್ಲಾ. ಗೊತ್ತಿಲ್ವಾ?"

ತಾತ ಬಂದವರೇ ನನ್ನ ಜಡೆ ಹಿಡಿದು ಅಂಗಳಕ್ಕೆ ಎಳೆದರು. ತಲೆಯನ್ನು ಒರಳುಕಲ್ಲಿಗೆ ಎರಡು ಸಲ ಬಡಿದರು. ಹಲ್ಲೊಂದು ಮುರಿದು ನಾಲಗೆಯ ಮೇಲೆ ಬಿತ್ತು. ಆಮೇಲೆ ಕಾಯಿ ಗುಡ್ಡೆಯ ಮೇಲಿದ್ದ ಮಚ್ಚು ತೆಗೆದುಕೊಂಡರು. ನಾದಿನಿ ಓಡಿ ಬಂದು ನಮ್ಮಿಬ್ಬರ ನಡುವೆ ನಿಂತಳು. ಅಂಗೈ ಚಾಚಿದಳು. ಕೂಗಲಿಲ್ಲ.

"ಅಣ್ಣಯ್ಯ, ಕೂತ್ಕೋ. ನೀರು ಕೊಡ್ತೀನಿ."

ಮಚ್ಚು ಬೀಸಿದರು. ಕೆನ್ನೆ ಸೀಳಿ ಒಳಗಿನ ದವಡೆ ಕಂಡಿತು. ಅವಳ ರಕ್ತ ನನ್ನ ಮೈಮೇಲೆ ಸುರಿಯಿತು.

ಆಸ್ಪತ್ರೆಗೆ ಪೊಲೀಸರು ಬಂದರು. ಅವಳಿಗೆ ಬಾಯಿ ತೆರೆಯಲು ಆಗುತ್ತಿರಲಿಲ್ಲ, ನಾನೇ ಹೇಳಬೇಕಿತ್ತು. ತಾತ ಬಾಗಿಲಲ್ಲಿ ನಿಂತಿದ್ದರು. "ಕಾಯಿ ಸುಲಿಯೋ ಹಾರೆ ಮೇಲೆ ಬಿದ್ಲು" ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಫೋಟೋ ನೋಡಿ ನೀವು ಕೇಳಿದಾಗಲೂ ಅದನ್ನೇ ಹೇಳಿದ್ದೇನೆ.

ಹೊಲಿಗೆ ಬಿಚ್ಚಿದ ದಿನ ಅವಳು ಹೇಳಿದ್ದು ಇಷ್ಟೇ: "ವಿಮಾನ ಹತ್ತೋರ ಕೈಲಿ ಮಚ್ಚಿರಲ್ಲ ಅತ್ತಿಗೆ, ಮೊದ್ಲೇ ಕಿತ್ಕೊಂಡಿರ್ತಾರೆ. ಅದು ನಂಗೆ ಮರ್ತೋಯ್ತು."

ಆ ಮುಖ ನೋಡಿ ವಿಮಾನದವರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಬೇಲೂರಿನ ಒಂದು ಲಾಡ್ಜಿನಲ್ಲಿ ದುಡಿದಳು. ನಮ್ಮ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ತಾತ ಆಮೇಲೂ ನನ್ನನ್ನು ಹೊಡೆದರು, ಮಚ್ಚು ಮಾತ್ರ ಮುಟ್ಟಲಿಲ್ಲ. ಕೆಲವು ವರ್ಷಗಳಲ್ಲೇ ಜ್ವರ ಬಂದು ಅವಳು ತೀರಿಕೊಂಡಳು. ಪೊಲೀಸರಿಗೆ ಯಾಕೆ ಹಾಗೆ ಹೇಳಿದೆ ಎಂದು ಒಂದು ದಿನವೂ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಅತ್ತಾದರೂ ಹೇಳುತ್ತಿದ್ದೆನೇನೋ.

ನನಗೆ ಬಾಯಲ್ಲಿ ಹೇಳುವ ಧೈರ್ಯ ಈಗಲೂ ಇಲ್ಲ, ಅದಕ್ಕೇ ಬರೆದೆ. ಸತ್ತವರ ಮೇಲೆ ಯಾಕಮ್ಮ ಇದೆಲ್ಲ ಎಂದು ನಿಮ್ಮಪ್ಪ ಈ ಹಾಳೆಗಳನ್ನು ಒಲೆಗೆ ಹಾಕಿಯಾನು. ಅವನ ಕೈಗೆ ಕೊಡಬೇಡಿ. ಜೋಪಾನವಾಗಿ ನೀವೇ ಇಟ್ಟುಕೊಳ್ಳಿ.